ಗಿಲ್‌ನೆಟ್ ದೋಣಿಗೆ 9.9 ಸಾಕಾ, 25 ಬೇಕಾ?

ಪ್ರಶ್ನೆ: ನಮ್ಮದು 24 ಅಡಿಯ ಫೈಬರ್ ದೋಣಿ. ಅಂಕೋಲಾ ಕಡೆ ಮೂರು ಜನ ಸೇರಿ ಗಿಲ್‌ನೆಟ್ (ಮೀನಿನ ಕಿವಿರು ಸಿಕ್ಕಿಬೀಳುವ ಬಲೆ) ಬಿಡುತ್ತೇವೆ. ಹಿಂದಿನ ಹಲಗೆಗೆ ಕಚ್ಚಿಸಿರುವ 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ ಹಳತಾಯ್ತು, ಬದಲಿಸಬೇಕು. ಪಕ್ಕದ ದೋಣಿಯವರು 25 ಹಾಕಿದ್ದಾರೆ. ನೀವೂ ಅದನ್ನೇ ಹಾಕಿ ಅನ್ನುತ್ತಾರೆ. ಹಾಕಬಹುದಾ?

ಉತ್ತರ: ಹಾಕಬಹುದು. ಆದರೆ ನೀವು ಹೇಳಿದ ದೋಣಿಗೆ, ನೀವು ಹೇಳಿದ ಕೆಲಸಕ್ಕೆ ನಾನಾದರೆ ಹೊಸ 9.9ನ್ನೇ ತರುತ್ತಿದ್ದೆ. ಮಾಜಾಳಿಯಿಂದ ಭಟ್ಕಳದ ತನಕ ಎಲ್ಲಿ ನಿಂತು ಮಾತಾಡಿದರೂ ಎಂಜಿನ್ ಎಷ್ಟು ಎಚ್‌ಪಿ ಅಂತಲೇ ಕೇಳುತ್ತಾರೆ. ದೋಣಿ ಎಷ್ಟು ಭಾರ ಅಂತ ಕೇಳುವವರು ಕಡಿಮೆ. ಲೆಕ್ಕ ಶುರುವಾಗಬೇಕಾದದ್ದು ಭಾರದಿಂದ.

ನಿಮ್ಮ ಖಾಲಿ ದೋಣಿ 500 ಕಿಲೋ ಅಂತ ಇಟ್ಟುಕೊಳ್ಳಿ. ನೆನೆದ ಬಲೆ, ಹಗ್ಗ, ಲಂಗರು ಸೇರಿ 300. ಮೂವರದ್ದು 200. ಎಂಜಿನ್, ಎಣ್ಣೆ, ಐಸು, ಕುಡಿಯುವ ನೀರು ಅಂತ ಇನ್ನೊಂದು 100. ಬಂಗಡೆ ಚೆನ್ನಾಗಿ ಬಿದ್ದ ದಿನ ಮೀನೇ 400 ಕಿಲೋ. ಒಟ್ಟು ಒಂದೂವರೆ ಟನ್. ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಟನ್ನಿಗೆ 4ರಿಂದ 5 ಎಚ್‌ಪಿ ಸಾಕು ಅನ್ನುವುದು ಹಳೆಯ ಅಂದಾಜು. ಅಂದರೆ ನಿಮಗೆ ಬೇಕಾದದ್ದು 6ರಿಂದ 7.5. ಎದುರುಗಾಳಿಗೆ, ನದಿ ಸಮುದ್ರ ಸೇರುವ ಅಳಿವೆಯ ಸೆಳೆತಕ್ಕೆ ಅಂತ ಸ್ವಲ್ಪ ಜಾಸ್ತಿ ಹಿಡಿದರೂ 9.9ರ ಹತ್ತಿರ ಬಂದು ನಿಲ್ಲುತ್ತದೆ.

25 ಹಾಕಿದರೆ ಎರಡೂವರೆ ಪಟ್ಟು ಜೋರಾಗಿ ಓಡುವುದಿಲ್ಲವಾ ಅಂತ ಕೇಳಬಹುದು. ಇಲ್ಲ. ದೋಣಿ ಓಡುವಾಗ ಮೂತಿಯಲ್ಲಿ ಒಂದು ಅಲೆ ಏಳುತ್ತದೆ, ಹಿಂದೆ ಇನ್ನೊಂದು. ವೇಗ ಹೆಚ್ಚಿದ ಹಾಗೆ ಈ ಎರಡು ಅಲೆಗಳ ನಡುವಿನ ಅಂತರ ಉದ್ದವಾಗುತ್ತದೆ. ಆ ಅಂತರ ದೋಣಿಯ ಉದ್ದಕ್ಕೆ ಸಮ ಆದಾಗ ದೋಣಿ ಸಿಕ್ಕಿಬಿದ್ದ ಹಾಗೆ. ಅಲ್ಲಿಂದ ಮುಂದೆ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕು. ಇದಕ್ಕೊಂದು ಸೂತ್ರ ಇದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಬರುವುದು ನಾಟ್ ಲೆಕ್ಕದ ವೇಗ. ನಿಮ್ಮ 24 ಅಡಿ ದೋಣಿಯಲ್ಲಿ ನೀರಿಗೆ ತಾಗುವ ಉದ್ದ 22 ಅಡಿ ಆದರೆ ಸುಮಾರು 6.3 ನಾಟ್, ಗಂಟೆಗೆ ಹನ್ನೊಂದೂವರೆ ಕಿಲೋಮೀಟರು.

ಇದನ್ನು ಕಣ್ಣಾರೆ ನೋಡಬೇಕಾ? ಮೀನು ತುಂಬಿ ಬರುವಾಗ ಥ್ರಾಟಲ್ ಪೂರ್ತಿ ತಿರುಗಿಸಿ ಹಿಂದೆ ನೋಡಿ. ಮೂತಿ ಆಕಾಶ ನೋಡುತ್ತದೆ, ಹಿಂಭಾಗ ಕುಸಿಯುತ್ತದೆ. ಎಂಜಿನ್ ಕಚ್ಚಿಸಿದ ಹಲಗೆಯ ಬೆನ್ನಿಗೇ ನೀರು ಗುಡ್ಡೆಯಾಗಿ ಎದ್ದು ಬರುತ್ತದೆ. ಸದ್ದು ಏರುತ್ತದೆ, ದಡ ಮಾತ್ರ ಬೇಗ ಹತ್ತಿರ ಆಗುವುದಿಲ್ಲ. ನೀವು ಸುಟ್ಟ ಪೆಟ್ರೋಲೆಲ್ಲ ಆ ಗುಡ್ಡೆ ಎಬ್ಬಿಸುವುದಕ್ಕೇ ಹೋಯ್ತು.

ಹಾಗಾದರೆ ಪಕ್ಕದವರ ದೋಣಿ ಹಾರಿಕೊಂಡು ಹೋಗುತ್ತದಲ್ಲ? ಹೋಗುತ್ತದೆ, ಖಾಲಿ ಇದ್ದಾಗ. ತಳ ಚಪ್ಪಟೆ, ಹಿಂಭಾಗ ಅಗಲ ಇರುವ ಹಗುರ ಫೈಬರ್ ದೋಣಿಯನ್ನು 25 ಎಚ್‌ಪಿ ನೀರಿನ ಮೇಲಕ್ಕೆ ಎತ್ತಿಬಿಡುತ್ತದೆ. ಆಗ ದೋಣಿ ಸೀಳುವುದಿಲ್ಲ, ಜಾರುತ್ತದೆ. ಅಲೆಯ ಲೆಕ್ಕ ಅದಕ್ಕೆ ಅನ್ವಯಿಸುವುದಿಲ್ಲ. ಆದರೆ ಒಂದೂವರೆ ಟನ್ನನ್ನು ಹಾಗೆ ಎತ್ತಬೇಕಾದರೆ 60 ಎಚ್‌ಪಿಯಾದರೂ ಬೇಕು. 25ರಲ್ಲಿ ಖಾಲಿ ದೋಣಿ ಹಾರುತ್ತದೆ, ಮೀನು ಸಿಕ್ಕ ದಿನ ವಾಪಸ್ ಬರುವಾಗ ತೆವಳುತ್ತೀರಿ. ಮಾರುಕಟ್ಟೆಗೆ ಬೇಗ ಮುಟ್ಟಬೇಕಾದದ್ದು ಬರುವಾಗ ಅಲ್ವಾ?

ದುಡ್ಡಿನ ಲೆಕ್ಕ ಹೀಗೆ. ದಡದಿಂದ 10 ಕಿಲೋಮೀಟರ್ ಹೋಗಿ ಬರುತ್ತೀರಿ ಅನ್ನೋಣ. ಫೋರ್‌ಸ್ಟ್ರೋಕ್ 9.9ನ್ನು ಮುಕ್ಕಾಲು ಥ್ರಾಟಲಿನಲ್ಲಿ ಓಡಿಸಿದರೆ ಗಂಟೆಗೆ ಸುಮಾರು 3 ಲೀಟರ್. ಹೋಗಿ ಬರಲು ಒಂದು ಮುಕ್ಕಾಲು ಗಂಟೆ, ಐದಾರು ಲೀಟರ್ ಪೆಟ್ರೋಲ್. ಅದೇ ತುಂಬಿದ ದೋಣಿಯನ್ನು 25ರಿಂದ ಒತ್ತಿ ಒತ್ತಿ ಏಳೂವರೆ ನಾಟ್‌ಗೆ ತಂದರೂ ಗಂಟೆಗೆ 9-10 ಲೀಟರ್ ಕುಡಿಯುತ್ತದೆ. ಉಳಿಯುವುದು ಇಪ್ಪತ್ತು ನಿಮಿಷ, ಹೆಚ್ಚಿಗೆ ಸುಡುವುದು ಎಂಟೊಂಬತ್ತು ಲೀಟರ್. ಟೂಸ್ಟ್ರೋಕ್ ಆದರೆ ಎರಡು ಕಡೆಯೂ ಇನ್ನೂ ಜಾಸ್ತಿ. ದೊಡ್ಡ ಎಂಜಿನ್ ತಂದು ಮೆಲ್ಲಗೆ ಓಡಿಸಿದರಾಯ್ತು ಅನ್ನುವವರಿದ್ದಾರೆ. ಪಕ್ಕದಲ್ಲಿ ಇನ್ನೊಂದು ದೋಣಿ ದಾಟಿ ಹೋಗುವಾಗ ಮೆಲ್ಲಗೆ ಓಡಿಸುವ ಕೈ ನಾನಂತೂ ಕಂಡಿಲ್ಲ.

ಇನ್ನು ಮಳೆಗಾಲದ ವಿಷಯ. ನನ್ನ ಪ್ರಕಾರ ತೂಕದ ಲೆಕ್ಕಕ್ಕಿಂತ ಇದೇ ದೊಡ್ಡದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ವಿನಾಯಿತಿ ಇರುವುದು ನಾಡದೋಣಿಗಳಿಗೆ, ಅದೂ 10 ಎಚ್‌ಪಿ ಒಳಗಿನ ಎಂಜಿನ್ ಇದ್ದರೆ. ಎಂಜಿನ್ ಮೇಲೆ 9.9 ಅನ್ನುವ ಆ ವಿಚಿತ್ರ ಅಂಕಿ ನಮಗೆ ಇಷ್ಟು ಉಪಕಾರಕ್ಕೆ ಬಂದದ್ದು ಹೀಗೆ. ಬಲೆ ಎಳೆದುಕೊಂಡು ಹೋಗುವ ದೊಡ್ಡ ಟ್ರಾಲ್ ಬೋಟುಗಳೆಲ್ಲ ಬೈತಖೋಲ್, ತದಡಿ ಬಂದರುಗಳಲ್ಲಿ ಲಂಗರು ಹಾಕಿ ನಿಂತಿರುವ ಕಾಲ ಅದು. ಅಳಿವೆಯ ಹತ್ತಿರ ಸಿಗುವ ಸಿಗಡಿಗೆ ಒಳ್ಳೆಯ ರೇಟು ಬರುವುದೂ ಆಗಲೇ. 25 ಕಟ್ಟಿದರೆ ಆ ಎರಡು ತಿಂಗಳು ನಿಮ್ಮ ದೋಣಿಯೂ ದಡದಲ್ಲೇ. ರಿಯಾಯಿತಿ ಸೀಮೆಎಣ್ಣೆಯ ಪರ್ಮಿಟ್ ಇದ್ದರೆ, ಎಂಜಿನ್ ಬದಲಿಸಿದಾಗ ಅದರ ಗತಿ ಏನು ಅಂತ ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ. ದುಡ್ಡು ಕೊಟ್ಟ ಮೇಲಲ್ಲ.

25 ಯಾರಿಗೆ ಸರಿ? 28-30 ಅಡಿಯ ದೋಣಿ, ಐದಾರು ಜನ, ಉದ್ದದ ಬಲೆ ಇಟ್ಟುಕೊಂಡು ದೂರ ಹೋಗುವವರಿಗೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪದ ಆಚೆಗೆ ಹೋಗುವವರಿಗೆ ಎದುರುಗಾಳಿ ಸಿಕ್ಕರೆ 9.9 ಸುಸ್ತಾಗುತ್ತದೆ. ಶರಾವತಿ ಅಳಿವೆಯಲ್ಲಿ ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿಂದ ಅಲೆ ಬಂದರೆ ಅಲ್ಲಿ ನೀರು ಗೋಡೆಯಂತೆ ಏಳುತ್ತದೆ. ಅದನ್ನು ದಾಟಲು ದೊಡ್ಡ ಎಂಜಿನ್ ಬೇಕು ಅಂತ ಕೆಲವರ ವಾದ. ನನಗೆ ಒಪ್ಪಿಗೆ ಇಲ್ಲ. ಹೂಳು ತುಂಬಿದ ಅಳಿವೆಯಲ್ಲಿ ಇಳಿತ ಮುಗಿದು ಭರತ ಏರುವ ತನಕ ಹೊರಗೇ ಕಾಯುವುದು ಒಳ್ಳೆಯದು. ಎಚ್‌ಪಿ ನಂಬಿ ನುಗ್ಗುವ ಜಾಗ ಅಲ್ಲ ಅದು.

ಭಾರದ ಇನ್ನೊಂದು ಮಾತು. 9.9 ಎಂಜಿನ್ 40 ಕಿಲೋ ಆಸುಪಾಸು, 25ರದ್ದು 50 ದಾಟುತ್ತದೆ. ಹೆಚ್ಚಿಗೆ ಆ ತೂಕ, ಜೊತೆಗೆ ಎಂಜಿನ್ ಒತ್ತುವ ಬಲ, ಎಲ್ಲ ಬೀಳುವುದು ಹಿಂದಿನ ಹಲಗೆಯ ಮೇಲೆ. ಹಳೆಯ ಫೈಬರಿನಲ್ಲಿ ಒಳಗಿನ ಮರ ನೀರು ಕುಡಿದಿದ್ದರೆ ಮೊದಲು ಅಲ್ಲೇ ಬಿರುಕು. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ನೋಡಿ, ಟಣ್ ಅನ್ನದೆ ಮಂದ ಸದ್ದು ಬಂದರೆ ಮೊದಲು ಅದರ ರಿಪೇರಿ. ಎಂಜಿನ್ನಿನ ಶಾಫ್ಟ್ ಎಷ್ಟು ಉದ್ದ ಬೇಕು ಅಂತಲೂ ಅಳೆದುಕೊಂಡೇ ಹೋಗಿ. ಹಲಗೆಯ ಎತ್ತರ 15 ಇಂಚಾದರೆ ಶಾರ್ಟ್ ಶಾಫ್ಟ್, 20 ಆದರೆ ಲಾಂಗ್.

ಕೊನೆಗೆ ಫ್ಯಾನು, ಅಂದರೆ ನೀರಿನೊಳಗೆ ತಿರುಗಿ ದೋಣಿ ತಳ್ಳುವ ಪ್ರೊಪೆಲ್ಲರ್. ನಿಧಾನ ಓಡುತ್ತದೆ ಅಂತ ಎಂಜಿನ್ ಬದಲಿಸುವ ಎಷ್ಟೋ ಜನರಿಗೆ ಬೇಕಾದದ್ದು ಬರೀ ಬೇರೆ ಫ್ಯಾನು. ಫ್ಯಾನಿನ ಮೇಲೆ ಎರಡು ಅಂಕಿ ಇರುತ್ತದೆ. ಮೊದಲನೆಯದು ಅಗಲ, ಎರಡನೆಯದು ಪಿಚ್, ಅಂದರೆ ಒಂದು ಸುತ್ತು ತಿರುಗಿದರೆ ಎಷ್ಟು ಇಂಚು ಮುಂದೆ ಹೋಗಬೇಕು ಅನ್ನುವ ಲೆಕ್ಕ. ಅಂಗಡಿಯಿಂದ ಬರುವ ಫ್ಯಾನು ಹಗುರ ದೋಣಿಗೆ ಹೊಂದುವಂಥದ್ದು ಇರಬಹುದು. ಭಾರದ ದೋಣಿಗೆ ಅದನ್ನೇ ಹಾಕಿದರೆ, ಲೋಡ್ ಲಾರಿಯನ್ನು ಟಾಪ್ ಗೇರಿನಲ್ಲಿ ಅರಬೈಲ್ ಘಾಟಿ ಹತ್ತಿಸಿದ ಹಾಗೆ. ಎಂಜಿನ್ ತಿಣುಕುತ್ತದೆ, ಬಿಸಿಯಾಗುತ್ತದೆ, ಎಣ್ಣೆ ಕುಡಿಯುತ್ತದೆ. ಪಿಚ್ ಒಂದು ಇಂಚು ಇಳಿಸಿದರೆ ಸುತ್ತು ನಿಮಿಷಕ್ಕೆ ಸುಮಾರು 200 ಏರುತ್ತದೆ.

ಹಾಗಾಗಿ ಹೊಸ 9.9 ತಂದ ದಿನ ಖಾಲಿ ದೋಣಿಯಲ್ಲಿ ಟ್ರಯಲ್ ನೋಡಿ ಸಹಿ ಹಾಕಬೇಡಿ. ಬಲೆ ತುಂಬಿ, ಮೂವರೂ ಹತ್ತಿ, ಮೀನಿನ ಬದಲು ನೀರಿನ ಕ್ಯಾನುಗಳನ್ನು ಇಟ್ಟು ಓಡಿಸಿ. ಮೆಕ್ಯಾನಿಕ್ ಹತ್ತಿರ ಸುತ್ತು ಅಳೆಯುವ ಮೀಟರ್ ಇರುತ್ತದೆ, ತರಲು ಹೇಳಿ. ಪೂರ್ತಿ ಥ್ರಾಟಲಿನಲ್ಲಿ ಎಷ್ಟು ಸುತ್ತು ಬರಬೇಕು ಅಂತ ಎಂಜಿನ್ ಪುಸ್ತಕದಲ್ಲಿ ಬರೆದಿರುತ್ತದೆ. ಅಷ್ಟು ಬರದಿದ್ದರೆ ಕಡಿಮೆ ಪಿಚ್ಚಿನ ಫ್ಯಾನು ಕೊಡಿ ಅಂತ ಅಲ್ಲೇ ಕೇಳಿ. ಹಳೆಯ 9.9 ಇನ್ನೂ ಸ್ಟಾರ್ಟ್ ಆಗುತ್ತಿದ್ದರೆ ಇದೇ ಪರೀಕ್ಷೆಯನ್ನು ಮೊದಲು ಅದಕ್ಕೇ ಮಾಡಿ ನೋಡಿ.