ಓದಿನಲ್ಲಿ ಹಿಂದಿರುವವರು ಬುದ್ಧಿವಂತರಲ್ಲವೇ?

ಪ್ರಶ್ನೆ: ಪರೀಕ್ಷೆಗಳಲ್ಲಿ ಸಾಧಾರಣ ಅಂಕ ಪಡೆಯುವ ಕೆಲವರು ಕೆಲಸದಲ್ಲಿ, ವ್ಯವಹಾರದಲ್ಲಿ, ಜನರನ್ನು ಅರಿಯುವುದರಲ್ಲಿ ಬಹಳ ಚುರುಕಾಗಿರುತ್ತಾರೆ. ಹಾಗಾದರೆ ಬುದ್ಧಿವಂತಿಕೆಯಲ್ಲಿ ಹಲವು ಬಗೆಗಳಿವೆಯೇ? ಯಾರನ್ನು ಜಾಣರೆನ್ನಬೇಕು?

ಉತ್ತರ: ಬಗೆಗಳಿವೆ, ಆದರೆ ಅವು ಒಂದಕ್ಕೊಂದು ಸಂಬಂಧವಿಲ್ಲದವುಗಳಲ್ಲ. ಇಂಗ್ಲೆಂಡಿನ ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಶಾಲಾ ಮಕ್ಕಳ ಸಾಮರ್ಥ್ಯಗಳನ್ನು ಹೋಲಿಸಿದಾಗ, ಒಂದು ವಿಷಯದಲ್ಲಿ ಮುಂದಿರುವವರು ಸಾಮಾನ್ಯವಾಗಿ ಉಳಿದವುಗಳಲ್ಲೂ ಮುಂದಿರುವುದನ್ನು ಕಂಡರು; ಎಲ್ಲಕ್ಕೂ ಆಧಾರವಾದ ಒಂದು ಸಾಮಾನ್ಯ ಸಾಮರ್ಥ್ಯವಿರಬೇಕೆಂದು ವಾದಿಸಿದರು. ಆ ಸಂಬಂಧ ನಂತರದ ಅಸಂಖ್ಯ ಪರೀಕ್ಷೆಗಳಲ್ಲೂ ಕಂಡುಬಂದಿದೆ. ಅಮೆರಿಕದ ಮನೋವಿಜ್ಞಾನಿ ಹೋವರ್ಡ್ ಗಾರ್ಡ್ನರ್ 1983ರಲ್ಲಿ ಭಾಷೆ, ತರ್ಕ, ಸಂಗೀತ, ದೇಹಚಲನೆ ಮುಂತಾದ ಏಳು ಬುದ್ಧಿಗಳನ್ನು ಹೆಸರಿಸಿ, ಅವು ಬಹುಮಟ್ಟಿಗೆ ಸ್ವತಂತ್ರವೆಂದರು. ಶಿಕ್ಷಕರು ಈ ವಿಚಾರವನ್ನು ಅಕ್ಕರೆಯಿಂದ ಸ್ವೀಕರಿಸಿದರೂ ಆ ಸ್ವಾತಂತ್ರ್ಯಕ್ಕೆ ಮಾಪನಗಳಿಂದ ಗಟ್ಟಿಯಾದ ಬೆಂಬಲ ದೊರೆತಿಲ್ಲ. ಗಾರ್ಡ್ನರ್ ವಿಚಾರವನ್ನೇ ನೆಪಮಾಡಿಕೊಂಡು "ಈ ಮಗುವಿನದು ಸಂಗೀತದ ಬುದ್ಧಿ, ಲೆಕ್ಕ ಇದಕ್ಕೆ ಹತ್ತದು" ಎಂದು ತೀರ್ಮಾನಿಸುವುದು ಮಗುವಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ನನಗೆ ಹೆಚ್ಚು ಉಪಯುಕ್ತವೆನಿಸುವುದು ಮನೋವಿಜ್ಞಾನಿ ರೇಮಂಡ್ ಕ್ಯಾಟೆಲ್ ಮಾಡಿದ ವಿಂಗಡಣೆ. ಹಿಂದೆಂದೂ ಕಾಣದ ಸಮಸ್ಯೆಯನ್ನು ಸ್ಥಳದಲ್ಲೇ ಬಿಡಿಸುವ ಶಕ್ತಿ ಒಂದು. ಕಲಿತದ್ದು, ಅನುಭವಿಸಿದ್ದು ಸೇರಿ ವರ್ಷಗಳಲ್ಲಿ ಗಟ್ಟಿಗೊಂಡ ತಿಳಿವಳಿಕೆ ಇನ್ನೊಂದು. ಮೊದಲನೆಯದು ಯೌವನದ ನಂತರ ಮೆಲ್ಲನೆ ಇಳಿಯುತ್ತದೆ, ಎರಡನೆಯದು ಬಹುಕಾಲ ಬೆಳೆಯುತ್ತಲೇ ಇರುತ್ತದೆ. ಹೊಸ ಯಂತ್ರದ ಮುಂದೆ ತಡವರಿಸುವ ಹಿರಿಯರು ಜಗಳವೊಂದನ್ನು ಬಗೆಹರಿಸುವುದರಲ್ಲಿ ಎಲ್ಲರಿಗಿಂತ ಮುಂದಿರುವುದನ್ನು ಇದರಿಂದ ಅರ್ಥಮಾಡಿಕೊಳ್ಳಬಹುದು. ಜಾಣ, ಚತುರ, ಬುದ್ಧಿವಂತ, ವಿವೇಕಿ ಎಂಬ ಮಾತುಗಳನ್ನು ನಾವು ಒಬ್ಬರಿಗೇ ಒಂದೇ ಸಮಯದಲ್ಲಿ ಬಳಸದಿರುವುದೂ ಇಂಥದೇ ಅರಿವಿನಿಂದ.

ಇನ್ನು ಅಂಕಗಳ ಮಾತು. 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ಬುದ್ಧಿಪರೀಕ್ಷೆಯನ್ನು ರೂಪಿಸಿದ್ದು ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಕ್ಕಾಗಿ. ಬುದ್ಧಿ ಹುಟ್ಟಿನಿಂದ ಅಳೆದಿಟ್ಟ, ಬದಲಾಗದ ಪ್ರಮಾಣವೆಂಬ ನಂಬಿಕೆಯನ್ನು ಬಿನೆ ಬಲವಾಗಿ ವಿರೋಧಿಸಿದ್ದರು. ಇಂದಿನ ಬುದ್ಧ್ಯಂಕವೂ ಸಮವಯಸ್ಕರ ಸರಾಸರಿಯನ್ನು 100 ಎಂದಿಟ್ಟುಕೊಂಡು ಒಬ್ಬರ ಸ್ಥಾನ ಎಲ್ಲಿದೆ ಎಂದು ತಿಳಿಸುವ ಸಂಖ್ಯೆ. ಓದಿನ ಯಶಸ್ಸನ್ನು ಅದು ತಕ್ಕಮಟ್ಟಿಗೆ ಸೂಚಿಸುತ್ತದೆ, ಸಹನೆಯನ್ನಾಗಲಿ ಕುತೂಹಲವನ್ನಾಗಲಿ ಅಳೆಯುವುದಿಲ್ಲ.

ಓದಿನಲ್ಲಿ ಹಿಂದಿರುವವರು ಕೆಲಸದಲ್ಲಿ ಚುರುಕಾಗಿರುವುದು ಹೇಗೆ ಎಂಬುದಕ್ಕೆ ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಐವರು ಮಕ್ಕಳನ್ನು ಕುರಿತು 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರವಿದೆ. ಸಂಶೋಧಕರು ಗಿರಾಕಿಗಳಂತೆ ಬಂದು ಕೇಳಿದ ಲೆಕ್ಕಗಳಿಗೆ ಮಕ್ಕಳು ಶೇಕಡಾ 98ರಷ್ಟು ಸರಿಯುತ್ತರ ಕೊಟ್ಟರು. ಅವೇ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ, ಬರೀ ಅಂಕಿಗಳಾಗಿ ಕೊಟ್ಟಾಗ ಸರಿಯುತ್ತರಗಳು ಶೇಕಡಾ 37ಕ್ಕೆ ಇಳಿದವು. ತಲಾ 35ರಂತೆ ನಾಲ್ಕು ತೆಂಗಿನಕಾಯಿಗೆ ಎಷ್ಟೆಂದು ಕೇಳಿದಾಗ ಒಬ್ಬ ಹುಡುಗ, ಮೂರಕ್ಕೆ 105, ಅದಕ್ಕೆ 30 ಸೇರಿದರೆ 135, ಮತ್ತೈದು ಸೇರಿದರೆ 140 ಎಂದು ಬಾಯಲ್ಲೇ ಹೇಳಿದ. ಅದೇ ಹುಡುಗ 35ನ್ನು 4ರಿಂದ ಗುಣಿಸುವಾಗ, ನಾಲ್ಕೈದಲಿ 20, ದಶಕ 2 ಎಂದುಕೊಂಡು, ಆ 2ನ್ನು ಗುಣಿಸುವ ಮೊದಲೇ 3ಕ್ಕೆ ಕೂಡಿಸಿ, ಬಂದ 5ನ್ನು 4ರಿಂದ ಗುಣಿಸಿ, 200 ಎಂದು ಬರೆದ. ಅವನಿಗೆ ಎಡವಟ್ಟಾದದ್ದು ಕ್ರಮದ ಒಂದು ಹೆಜ್ಜೆಯಲ್ಲಿ. ಬೀದಿಯಲ್ಲಿ ಗಿರಾಕಿಯೊಬ್ಬ ನಾಲ್ಕು ಕಾಯಿಗೆ 200 ಕೊಟ್ಟಿದ್ದರೆ ಹೆಚ್ಚಾಯಿತೆಂದು ಅವನು ತಕ್ಷಣ ಹೇಳುತ್ತಿದ್ದ. ಕಾಗದದ ಮೇಲೆ ಆ ಸಂಖ್ಯೆಯನ್ನು ಅನುಮಾನಿಸಲು ಅವನಿಗೆ ಕಾರಣವೇ ಕಾಣಲಿಲ್ಲ.

ಆದ್ದರಿಂದ, ತನಗೆ ಬಂದ ಉತ್ತರವನ್ನು ತಾನು ಬಲ್ಲ ಪ್ರಪಂಚದೊಡನೆ ಹೋಲಿಸಿ, ತಾಳೆಯಾಗದಿದ್ದರೆ ನಿಂತು ಮತ್ತೆ ಯೋಚಿಸುವವರನ್ನು ನಾನು ಜಾಣರೆನ್ನುತ್ತೇನೆ. ಆ ಹುಡುಗ ಬೀದಿಯಲ್ಲಿ ಹಾಗಿದ್ದ. ತರಗತಿಯಲ್ಲೂ ಹಾಗಿರಲು ಅವನಿಗೆ ಬೇಕಿದ್ದದ್ದು, 35 ಮತ್ತು 4ರ ಹಿಂದೆ ಇರುವುದು ಅವೇ ತೆಂಗಿನಕಾಯಿಗಳೆಂದು ತೋರಿಸಿಕೊಡುವ ಶಿಕ್ಷಕರೊಬ್ಬರು.