ಆರ್‌ಎನ್‌ಎ ಮೊದಲು, ಡಿಎನ್‌ಎ ಆಮೇಲೆ: ರೈಬೋಸ್‌ನ ಎರಡನೇ ಕಾರ್ಬನ್ ಹಿಡಿದು ಓದುವ ಟಿಪ್ಪಣಿ

ನ್ಯೂಕ್ಲಿಯಿಕ್ ಆಮ್ಲಗಳ (ಡಿಎನ್‌ಎ, ಆರ್‌ಎನ್‌ಎ) ಪಾಠವನ್ನೂ ಜೀವದ ಉಗಮದ ಪಾಠವನ್ನೂ ಜೊತೆಜೊತೆಗೇ ಓದಿದೆ. ಓದಿದ್ದು ಇನ್ನೂ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಪುಸ್ತಕದಲ್ಲಿ ಇವು ಬೇರೆ ಬೇರೆ ಅಧ್ಯಾಯಗಳು. ಆದರೆ ಎರಡನ್ನೂ ಸೇರಿಸುವ ಗಂಟು ಒಂದೇ: ರೈಬೋಸ್ ಸಕ್ಕರೆಯ ಎರಡನೇ ಕಾರ್ಬನ್ ಮೇಲಿರುವ ಒಂದು ಆಕ್ಸಿಜನ್. ಆರ್‌ಎನ್‌ಎ ಯಾಕೆ ಬೇಗ ಮುರಿಯುತ್ತದೆ, ಡಿಎನ್‌ಎ ಆಮೇಲೆ ಬಂದಿರಬೇಕು ಅಂತ ಯಾಕೆ ಹೇಳುತ್ತಾರೆ, ಈ ಎರಡಕ್ಕೂ ದಾರಿ ಅಲ್ಲಿಂದಲೇ. ಅದಕ್ಕೇ ಆ ಭಾಗ ಇಲ್ಲಿ ಜಾಸ್ತಿ ಉದ್ದವಾಗಿದೆ.

ಬೇಗ ದಾಟಬಹುದಾದ ಭಾಗ

ಸಕ್ಕರೆ, ಫಾಸ್ಫೇಟ್, ಬೇಸ್ (ಮಾಹಿತಿಯ ಅಕ್ಷರದಂಥ ಭಾಗ) ಮೂರೂ ಸೇರಿದರೆ ನ್ಯೂಕ್ಲಿಯೋಟೈಡ್. ಇವುಗಳ ಸರಪಳಿಯೇ ಡಿಎನ್‌ಎ, ಆರ್‌ಎನ್‌ಎ. ಡಿಎನ್‌ಎಯಲ್ಲಿ ಥೈಮಿನ್ ಎಂಬ ಬೇಸ್ ಇರುವ ಕಡೆ ಆರ್‌ಎನ್‌ಎಯಲ್ಲಿ ಯುರಾಸಿಲ್. ಇಸವಿಗಳು: 1869ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಫ್ರೆಡ್ರಿಕ್ ಮೀಷರ್, ಗಾಯದ ಬ್ಯಾಂಡೇಜಿನಲ್ಲಿದ್ದ ಕೀವಿನ ಕೋಶಗಳಿಂದ 'ನ್ಯೂಕ್ಲಿನ್' ಬೇರ್ಪಡಿಸಿದರು. 1944ರಲ್ಲಿ ಏವರಿ, ಮ್ಯಾಕ್ಲಿಯೋಡ್, ಮೆಕಾರ್ಟಿ: ಆನುವಂಶಿಕ ವಸ್ತು ಡಿಎನ್‌ಎ. 1952ರಲ್ಲಿ ಹರ್ಷಿ ಮತ್ತು ಚೇಸ್: ವೈರಸ್ ಪ್ರಯೋಗದಲ್ಲೂ ಅದೇ ಉತ್ತರ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್: ಡಿಎನ್‌ಎಯ ಜೋಡಿ ಸುರುಳಿ ರಚನೆ.

1953 ಅಂತ ಬಂದಾಗ ಇನ್ನೊಂದನ್ನೂ ಜೊತೆಗೇ ಇಟ್ಟುಕೊಳ್ಳಿ. ವಾಟ್ಸನ್-ಕ್ರಿಕ್ ಲೇಖನ ಬಂದದ್ದು ಏಪ್ರಿಲ್ 25ಕ್ಕೆ. ಜೀವದ ಉಗಮದ ಬಗ್ಗೆ ಸ್ಟ್ಯಾನ್ಲಿ ಮಿಲ್ಲರ್ ಮಾಡಿದ ಪ್ರಯೋಗದ ಲೇಖನ ಬಂದದ್ದು ಮೇ 15ಕ್ಕೆ. ಮೂರೇ ವಾರದ ಅಂತರ. ಈ ಎರಡು ದಿನಾಂಕ ಸಿಕ್ಕಮೇಲೆ ಎರಡೂ ಪಾಠ ಒಂದೇ ಕಥೆಯ ಹಾಗೆ ಓದಿಸಿಕೊಂಡು ಹೋದವು.

ರಷ್ಯಾದ ವಿಜ್ಞಾನಿ ಒಪಾರಿನ್ 1924ರಲ್ಲಿ ಮತ್ತು ಬ್ರಿಟನ್ನಿನ ಹಾಲ್ಡೇನ್ 1929ರಲ್ಲಿ, ಆಕ್ಸಿಜನ್ ಇಲ್ಲದ ಆದಿ ಭೂಮಿಯಲ್ಲಿ ಸರಳ ಅನಿಲಗಳಿಂದ ಜೀವದ ಕಚ್ಚಾ ವಸ್ತುಗಳು ತಾವಾಗಿಯೇ ಆಗಿರಬಹುದು ಅಂದರು. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಮಿಲ್ಲರ್ ತಮ್ಮ ಗುರು ಹೆರಾಲ್ಡ್ ಯೂರಿ ಜೊತೆ ಮೀಥೇನ್, ಅಮೋನಿಯಾ, ಹೈಡ್ರೋಜನ್, ನೀರಾವಿಗೆ ವಿದ್ಯುತ್ ಕಿಡಿ ಕೊಟ್ಟು ಈ ಮಾತನ್ನು ಪರೀಕ್ಷಿಸಿದರು. ಇಲ್ಲೊಂದು ಎಚ್ಚರ. ಅವರು ತೋರಿಸಿದ್ದು ಗ್ಲೈಸಿನ್, ಅಲನಿನ್‌ನಂಥ ಅಮೈನೋ ಆಮ್ಲಗಳನ್ನು. ನ್ಯೂಕ್ಲಿಯೋಟೈಡ್ ಅಲ್ಲ. ಬಹುಆಯ್ಕೆ ಪ್ರಶ್ನೆಗಳಲ್ಲಿ ಇಲ್ಲೇ ಜಾರುವುದು. ಆದಿ ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೈಟ್ರೋಜನ್ ಜಾಸ್ತಿ ಇದ್ದವು ಅನ್ನುವ ಅಭಿಪ್ರಾಯ ಈಗ ಬಲವಾಗಿದೆ, ಅದನ್ನೂ ಒಂದು ಸಾಲು ಸೇರಿಸಿ.

ಎರಡನೇ ಕಾರ್ಬನ್

ಇಲ್ಲಿ ನಿಧಾನವಾಗಿ ಹೋಗೋಣ. ಒಂದು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಸುಮ್ನೆ ಓದಿದರೆ ಇದು ನಿಲ್ಲುವುದಿಲ್ಲ.

ರೈಬೋಸ್‌ನಲ್ಲಿ 5 ಕಾರ್ಬನ್. ನಾಲ್ಕು ಕಾರ್ಬನ್ ಮತ್ತು ಒಂದು ಆಕ್ಸಿಜನ್ ಸೇರಿ ಉಂಗುರ. ಐದನೇ ಕಾರ್ಬನ್ ಉಂಗುರದ ಹೊರಗೆ, ನಾಲ್ಕನೆಯದಕ್ಕೆ ಅಂಟಿಕೊಂಡಿದೆ. ಇದಕ್ಕೆ ನಾನು ಇಟ್ಟುಕೊಂಡ ಸೂತ್ರ: ಒಂದಕ್ಕೆ ಬೇಸ್, ಎರಡಕ್ಕೆ ಭೇದ, ಮೂರಕ್ಕೆ ಕೊಂಡಿ, ಐದಕ್ಕೆ ಫಾಸ್ಫೇಟ್. ನಾಲ್ಕನ್ನು ಬಿಟ್ಟುಬಿಡಿ, ಅದಕ್ಕೆ ಪ್ರಶ್ನೆ ಬರುವುದು ಕಡಿಮೆ.

ಅಂದರೆ, ಮೊದಲ ಕಾರ್ಬನ್ ಮೇಲೆ ಬೇಸ್ ಕೂರುತ್ತದೆ. ಐದನೆಯದರ ಮೇಲೆ ಫಾಸ್ಫೇಟ್. ಸರಪಳಿ ಬೆಳೆಯುವಾಗ ಹೊಸ ನ್ಯೂಕ್ಲಿಯೋಟೈಡ್‌ನ ಫಾಸ್ಫೇಟ್, ಹಿಂದಿನದರ ಮೂರನೇ ಕಾರ್ಬನ್‌ನ ಹೈಡ್ರಾಕ್ಸಿಲ್‌ಗೆ (ಆಕ್ಸಿಜನ್-ಹೈಡ್ರೋಜನ್ ಗುಂಪಿಗೆ) ಸೇರುತ್ತದೆ. ಸರಪಳಿ ಐದರಿಂದ ಮೂರರ ದಿಕ್ಕಿಗೆ ಅನ್ನುವುದು ಇದೇ. ಇನ್ನು ಎರಡನೆಯದು: ಅಲ್ಲಿ ಆರ್‌ಎನ್‌ಎಯ ಸಕ್ಕರೆ ರೈಬೋಸ್‌ಗೆ ಹೈಡ್ರಾಕ್ಸಿಲ್ ಇದೆ, ಡಿಎನ್‌ಎಯ ಸಕ್ಕರೆ ಡಿಆಕ್ಸಿರೈಬೋಸ್‌ಗೆ ಬರೀ ಹೈಡ್ರೋಜನ್. ಇಷ್ಟನ್ನು ಎಲ್ಲರೂ ಬಾಯಿಪಾಠ ಮಾಡುತ್ತೇವೆ. ಆದರೆ ಒಂದು ಆಕ್ಸಿಜನ್ ಇದ್ದರೇನು, ಇಲ್ಲದಿದ್ದರೇನು?

ಈಗ ಆರ್‌ಎನ್‌ಎ ಸರಪಳಿಯನ್ನು ಕಾಗದದ ಮೇಲೆ ಬರೆದು ನೋಡಿ. ಮೂರನೇ ಕಾರ್ಬನ್‌ನ ಆಕ್ಸಿಜನ್‌ಗೆ ಫಾಸ್ಫೇಟ್ ಕಟ್ಟಿಕೊಂಡಿದೆ. ಪಕ್ಕದಲ್ಲೇ, ಎರಡನೇ ಕಾರ್ಬನ್ ಮೇಲೆ, ಯಾವುದಕ್ಕೂ ಕಟ್ಟಿಕೊಳ್ಳದ ಹೈಡ್ರಾಕ್ಸಿಲ್ ಇದೆ. ಕ್ಷಾರವೊಂದು ಬಂದು ಅದರ ಹೈಡ್ರೋಜನ್ ಕಿತ್ತುಕೊಂಡಿತು ಅನ್ನಿ. ಉಳಿದ ಆಕ್ಸಿಜನ್‌ಗೆ ಋಣ ಆವೇಶ ಬರುತ್ತದೆ. ಅದು ಪಕ್ಕದ ಫಾಸ್ಫರಸ್ ಮೇಲೆ ಎರಗುತ್ತದೆ. ಎರಗಿದಾಗ ಆಗುವ ಉಂಗುರವನ್ನು ಎಣಿಸಿ: ಎರಡನೇ ಕಾರ್ಬನ್, ಅದರ ಆಕ್ಸಿಜನ್, ಫಾಸ್ಫರಸ್, ಮೂರನೇ ಕಾರ್ಬನ್‌ನ ಆಕ್ಸಿಜನ್, ಮೂರನೇ ಕಾರ್ಬನ್. ಒಟ್ಟು ಐದು ಪರಮಾಣು. ಐದರ ಉಂಗುರ ಸುಲಭವಾಗಿ ಕಟ್ಟಿಕೊಳ್ಳುತ್ತದೆ, ಅದರಲ್ಲಿ ಎಳೆತ ಕಡಿಮೆ. ಹೊಸ ಬಂಧ ಕೂಡಿತು ಅಂದಮೇಲೆ ಫಾಸ್ಫರಸ್ ಇನ್ನೊಂದು ಕಡೆಯ ಬಂಧ ಬಿಡಬೇಕು. ಆ ಇನ್ನೊಂದು ಕಡೆ ಇರುವುದೇ ಮುಂದಿನ ನ್ಯೂಕ್ಲಿಯೋಟೈಡ್. ಸರಪಳಿ ಅಲ್ಲೇ ತುಂಡು.

ಹೊರಗಿನಿಂದ ಕತ್ತರಿ ಬೇಕಾಗಲಿಲ್ಲ, ಅಲ್ವಾ? ಆರ್‌ಎನ್‌ಎ ತನ್ನ ಸ್ವಂತ ಆಕ್ಸಿಜನ್‌ನಿಂದಲೇ ಮುರಿಯಿತು. ಡಿಎನ್‌ಎಯಲ್ಲಿ ಆ ಜಾಗದಲ್ಲಿ ಎರಗಲು ಆಕ್ಸಿಜನ್ನೇ ಇಲ್ಲ. ಹಾಗಾಗಿ ಕ್ಷಾರದಲ್ಲಿಟ್ಟರೆ ಅದರ ಎರಡು ಎಳೆ ಬಿಡಿಯಾಗುತ್ತವೆ, ಆದರೆ ಎಳೆಯೊಳಗಿನ ಸರಪಳಿ ಉಳಿಯುತ್ತದೆ. ಡಿಎನ್‌ಎ ಸ್ಥಿರ, ಆರ್‌ಎನ್‌ಎ ಅಸ್ಥಿರ ಅನ್ನುವ ಸಾಲಿನ ಹಿಂದಿರುವ ಕಾರಣ ಇದು. ಉತ್ತರದಲ್ಲಿ ಈ ಐದರ ಉಂಗುರದ ಚಿತ್ರ ಬರೆದರೆ ಅರ್ಧ ಪುಟದ ವಿವರಣೆ ಉಳಿಯುತ್ತದೆ.

ಆರ್‌ಎನ್‌ಎ ಜಗತ್ತು

ಡಿಎನ್‌ಎ ನಕಲಾಗಲು ಕಿಣ್ವ ಬೇಕು. ಕಿಣ್ವ (ರಾಸಾಯನಿಕ ಕ್ರಿಯೆ ಚುರುಕು ಮಾಡುವ ಅಣು) ಅಂದರೆ ಸಾಮಾನ್ಯವಾಗಿ ಪ್ರೋಟೀನ್. ಪ್ರೋಟೀನ್ ಆಗಲು ಡಿಎನ್‌ಎಯಲ್ಲಿರುವ ಮಾಹಿತಿ ಬೇಕು. ಬೀಜ ಮೊದಲೋ ಮರ ಮೊದಲೋ ಅನ್ನುವ ಹಾಗಾಯಿತು. 1960ರ ದಶಕದ ಕೊನೆಯಲ್ಲೇ ವೂಸ್, ಕ್ರಿಕ್, ಆರ್ಗೆಲ್ ಮೂವರೂ ಮೊದಲು ಆರ್‌ಎನ್‌ಎಯೇ ಮಾಹಿತಿ ಇಡುವ ಮತ್ತು ಕಿಣ್ವದ ಎರಡೂ ಕೆಲಸ ಮಾಡಿರಬಹುದು ಅಂತ ಯೋಚಿಸಿದ್ದರು. ಪುರಾವೆ ಸಿಕ್ಕಿದ್ದು ಆಮೇಲೆ. 1982ರಲ್ಲಿ ಥಾಮಸ್ ಚೆಕ್ ತಂಡ, ಟೆಟ್ರಾಹೈಮಿನಾ ಎಂಬ ಏಕಕೋಶ ಜೀವಿಯ ಆರ್‌ಎನ್‌ಎ ಪ್ರೋಟೀನ್ ಸಹಾಯವಿಲ್ಲದೆ ತನ್ನೊಳಗಿನ ತುಂಡನ್ನು ತಾನೇ ಕತ್ತರಿಸಿ ಹಾಕುತ್ತದೆ ಅಂತ ತೋರಿಸಿತು. ಮರುವರ್ಷ ಸಿಡ್ನಿ ಆಲ್ಟ್‌ಮನ್ ತಂಡದವರು ಆರ್‌ಎನ್‌ಏಸ್ ಪಿ ಕಿಣ್ವದಲ್ಲಿ ಕತ್ತರಿಸುವ ಕೆಲಸ ಆರ್‌ಎನ್‌ಎಯದ್ದೇ ಅಂತ ತೋರಿಸಿದರು. ಇಬ್ಬರಿಗೂ 1989ರ ನೊಬೆಲ್. 'ಆರ್‌ಎನ್‌ಎ ಜಗತ್ತು' ಅನ್ನುವ ಹೆಸರು 1986ರಲ್ಲಿ ವಾಲ್ಟರ್ ಗಿಲ್ಬರ್ಟ್ ಕೊಟ್ಟದ್ದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಪುರಾವೆ ರೈಬೋಸೋಮ್, ಅಂದರೆ ಕೋಶದಲ್ಲಿ ಪ್ರೋಟೀನ್ ಕಟ್ಟುವ ಯಂತ್ರ. 2000ದಲ್ಲಿ ಅದರ ರಚನೆ ವಿವರವಾಗಿ ಸಿಕ್ಕಿತು. ಅಮೈನೋ ಆಮ್ಲಗಳನ್ನು ಜೋಡಿಸುವ ಜಾಗದಲ್ಲಿ ಸುತ್ತಲೂ ಇರುವುದು ಆರ್‌ಎನ್‌ಎ. ಅಂದರೆ ಇವತ್ತಿಗೂ ಪ್ರತಿ ಪ್ರೋಟೀನನ್ನೂ ಕಟ್ಟುತ್ತಿರುವುದು ಆರ್‌ಎನ್‌ಎ! ಈ ಕೆಲಸಕ್ಕೆ 2009ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು. ಅಲ್ಲಿಯೂ ನಮ್ಮ ಎರಡನೇ ಕಾರ್ಬನ್ ಬರುತ್ತದೆ. ಬೆಳೆಯುತ್ತಿರುವ ಪ್ರೋಟೀನನ್ನು ಹಿಡಿದುಕೊಂಡ ಟಿಆರ್‌ಎನ್‌ಎಯ (ಅಮೈನೋ ಆಮ್ಲ ಹೊತ್ತು ತರುವ ಆರ್‌ಎನ್‌ಎ) ಕೊನೆಯ ಅಡೆನೋಸಿನ್‌ನಲ್ಲಿ (ಅಡೆನಿನ್ ಬೇಸ್ ಮತ್ತು ರೈಬೋಸ್ ಸೇರಿದ್ದು) ಆ ಹೈಡ್ರಾಕ್ಸಿಲ್ ತೆಗೆದುಬಿಟ್ಟರೆ ಜೋಡಣೆಯ ವೇಗ ತೀರಾ ಕುಸಿಯುತ್ತದೆ.

ಹಾಗಂತ ಡಿಎನ್‌ಎ ಕಿಣ್ವದ ಕೆಲಸ ಮಾಡುವುದೇ ಇಲ್ಲ ಅಂತ ಬರೆಯಬೇಡಿ. 1994ರಲ್ಲಿ ಬ್ರೇಕರ್ ಮತ್ತು ಜಾಯ್ಸ್ ಪ್ರಯೋಗಾಲಯದಲ್ಲಿ ಅಂಥ ಡಿಎನ್‌ಎ ಮಾಡಿ ತೋರಿಸಿದ್ದಾರೆ. ಅಂದರೆ ಕಿಣ್ವದ ಕೆಲಸಕ್ಕೆ ಆ ಹೈಡ್ರಾಕ್ಸಿಲ್ ಮಾತ್ರವಲ್ಲ, ಒಂಟಿ ಎಳೆಯಾಗಿ ಮಡಚಿಕೊಳ್ಳುವುದೂ ಮುಖ್ಯ.

ಡಿಎನ್‌ಎ ಆಮೇಲೆ ಅನ್ನುವುದಕ್ಕೆ ಕುರುಹು

ನಮ್ಮ ಕೋಶಗಳು ಡಿಎನ್‌ಎಯ ಬಿಡಿಭಾಗಗಳನ್ನು ನೇರವಾಗಿ ಮಾಡುವುದಿಲ್ಲ. ಮೊದಲು ಆರ್‌ಎನ್‌ಎಯ ನ್ಯೂಕ್ಲಿಯೋಟೈಡ್ ಮಾಡಿ, ರೈಬೋನ್ಯೂಕ್ಲಿಯೋಟೈಡ್ ರಿಡಕ್ಟೇಸ್ ಎಂಬ ಕಿಣ್ವದಿಂದ ಎರಡನೇ ಕಾರ್ಬನ್‌ನ ಆಕ್ಸಿಜನ್ ತೆಗೆಯುತ್ತವೆ. ಥೈಮಿನ್ ಕೂಡ ಹಾಗೇ, ಯುರಾಸಿಲ್ ಇರುವ ನ್ಯೂಕ್ಲಿಯೋಟೈಡ್‌ಗೆ ಒಂದು ಮೀಥೈಲ್ ಸೇರಿಸಿ ಮಾಡಿದ್ದು. ಯಾಕಿಷ್ಟು ಖರ್ಚು? ಸೈಟೋಸಿನ್ ತಾನಾಗಿಯೇ ಅಮೈನೋ ಗುಂಪು ಕಳೆದುಕೊಂಡು ಯುರಾಸಿಲ್ ಆಗುತ್ತಿರುತ್ತದೆ. ನಮ್ಮ ಒಂದು ಕೋಶದಲ್ಲಿ ದಿನಕ್ಕೆ ಸುಮಾರು 100 ಸಲ. ಡಿಎನ್‌ಎಯಲ್ಲಿ ಯುರಾಸಿಲ್ ಇರಬಾರದು ಅಂತಿದ್ದರೆ, ಕಂಡ ಯುರಾಸಿಲ್ ಎಲ್ಲ ಕೆಟ್ಟದ್ದೇ, ತೆಗೆದುಹಾಕಬಹುದು. ಹಾಗೆ ತೆಗೆಯುವ ಕಿಣ್ವವನ್ನು 1974ರಲ್ಲಿ ಕಂಡುಹಿಡಿದ ತೋಮಾಸ್ ಲಿಂಡಾಲ್‌ಗೆ 2015ರ ನೊಬೆಲ್ ಬಂತು.

ಕೋಶದ ದಿನನಿತ್ಯದ ಕ್ರಿಯೆಗಳಿಗೆ ಬೇಕಾದ ಎಟಿಪಿ, ಎನ್‌ಎಡಿ, ಕೋಎನ್‌ಜೈಮ್ ಎ ಮೂರರಲ್ಲೂ ಆರ್‌ಎನ್‌ಎಯ ತುಂಡಾದ ಅಡೆನೋಸಿನ್ ಇದೆ. ಡಿಎನ್‌ಎ ನಕಲು ಶುರುವಾಗಲು ಆರ್‌ಎನ್‌ಎ ಪ್ರೈಮರ್ (ಆರಂಭದ ಚಿಕ್ಕ ತುಂಡು) ಬೇಕು. ಇವನ್ನೂ ಹಳೆಯ ಆರ್‌ಎನ್‌ಎ ಜಗತ್ತಿನ ಪಳೆಯುಳಿಕೆ ಅಂತಲೇ ಓದುತ್ತಾರೆ.

ಆದರೆ ಆರ್‌ಎನ್‌ಎ ಬಂದದ್ದು ಎಲ್ಲಿಂದ?

ಬೇಸ್ ಕಷ್ಟವಲ್ಲ. ಅಡೆನಿನ್‌ನಲ್ಲಿ 5 ಕಾರ್ಬನ್, 5 ಹೈಡ್ರೋಜನ್, 5 ನೈಟ್ರೋಜನ್. ಹೈಡ್ರೋಜನ್ ಸಯನೈಡ್‌ನಲ್ಲಿ ಮೂರೂ ಒಂದೊಂದು. ಐದು ಸಯನೈಡ್ ಸೇರಿದರೆ ಲೆಕ್ಕ ಸರಿ! 1960ರಲ್ಲಿ ಹುವಾನ್ ಓರೋ ಅಮೋನಿಯಂ ಸಯನೈಡ್ ದ್ರಾವಣ ಕಾಯಿಸಿ ಅಡೆನಿನ್ ಪಡೆದರು. ಸಕ್ಕರೆ ಕಷ್ಟ. ಬಟ್ಲೆರೋವ್ 1861ರಲ್ಲೇ ಫಾರ್ಮಾಲ್ಡಿಹೈಡ್‌ನಿಂದ ಸಕ್ಕರೆ ಮಾಡಿದ್ದರು. ಆದರೆ ಆ ವಿಧಾನದಲ್ಲಿ ಹತ್ತಾರು ಸಕ್ಕರೆ ಬರುತ್ತವೆ, ರೈಬೋಸ್ ಸ್ವಲ್ಪವೇ. ಇನ್ನೂ ಕಷ್ಟ ಸೈಟೋಸಿನ್, ಯುರಾಸಿಲ್ ಎರಡನ್ನೂ ರೈಬೋಸ್‌ಗೆ ಅಂಟಿಸುವುದು. 2009ರಲ್ಲಿ ಮ್ಯಾಂಚೆಸ್ಟರ್‌ನ ಜಾನ್ ಸದರ್ಲೆಂಡ್ ತಂಡ ಬೇರೆ ದಾರಿ ಹಿಡಿಯಿತು. ಬೇಸ್ ಮತ್ತು ಸಕ್ಕರೆಯನ್ನು ಬೇರೆಬೇರೆ ಮಾಡಿ ಜೋಡಿಸಲಿಲ್ಲ. ಎರಡರ ಅರ್ಧರ್ಧ ಇರುವ ಮಧ್ಯದ ಅಣುವಿನಿಂದ ಇಡೀ ನ್ಯೂಕ್ಲಿಯೋಟೈಡನ್ನೇ ಬೆಳೆಸಿತು.

ಆಮೇಲೆ ಸರಪಳಿ. ಕಿಣ್ವ ಇಲ್ಲದೆ ಸರಪಳಿ ಕಟ್ಟುವಾಗ ಎರಡನೇ ಕಾರ್ಬನ್‌ನ ಹೈಡ್ರಾಕ್ಸಿಲ್ ಮೂರನೆಯದರ ಜೊತೆ ಪೈಪೋಟಿಗೆ ಬೀಳುತ್ತದೆ. ಕೆಲವು ಕೊಂಡಿ ತಪ್ಪಾಗಿ ಎರಡಕ್ಕೆ ಬೀಳುತ್ತವೆ. 2013ರಲ್ಲಿ ಜಾಕ್ ಶೋಸ್ಟಾಕ್ ತಂಡ, ಹೀಗೆ ಬೆರಕೆ ಕೊಂಡಿ ಇದ್ದರೂ ಆರ್‌ಎನ್‌ಎ ಮಡಚಿಕೊಂಡು ಕೆಲಸ ಮಾಡಬಲ್ಲದು ಅಂತ ತೋರಿಸಿತು. ಕೊನೆಯ ತೊಡಕು ಮೆಗ್ನೀಸಿಯಂ. ಆರ್‌ಎನ್‌ಎ ನಕಲಾಗಲು ಅದು ಬೇಕು. ಆದರೆ ಅದೇ ಮೆಗ್ನೀಸಿಯಂ ಆ ಐದರ ಉಂಗುರದ ದಾರಿಯಲ್ಲಿ ಆರ್‌ಎನ್‌ಎ ಮುರಿಯುವುದನ್ನೂ ಚುರುಕು ಮಾಡುತ್ತದೆ, ಆದಿ ಕೋಶಗಳನ್ನು ಸುತ್ತಿದ್ದಿರಬಹುದಾದ ಕೊಬ್ಬಿನಾಮ್ಲದ ಪೊರೆಗಳನ್ನೂ ಹಾಳುಮಾಡುತ್ತದೆ. ಅದೇ ವರ್ಷ ಅದಮಲ ಮತ್ತು ಶೋಸ್ಟಾಕ್ ಸಿಟ್ರೇಟ್ (ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲದ ರೂಪ) ಸೇರಿಸಿ ನೋಡಿದರು. ಸಿಟ್ರೇಟ್ ಮೆಗ್ನೀಸಿಯಂ ಅನ್ನು ಹಿಡಿದುಕೊಂಡಿತು, ಪೊರೆ ಉಳಿಯಿತು, ಪೊರೆಯೊಳಗೆ ಆರ್‌ಎನ್‌ಎ ನಕಲೂ ನಡೆಯಿತು. ಆದಿ ಭೂಮಿಯಲ್ಲಿ ಅಷ್ಟು ಸಿಟ್ರೇಟ್ ಎಲ್ಲಿತ್ತು ಅನ್ನುವುದು ಈ ಪ್ರಯೋಗಕ್ಕೆ ಎದುರಾಗಿರುವ ಪ್ರಶ್ನೆ.