ಬೆಳಕು ಬಿದ್ದ ಗಂಟೆಗಳ ಲೆಕ್ಕ

ಚಿತ್ರಕಾರ ವ್ಯಾನ್ ಗೋ 1888ರಲ್ಲಿ ತನ್ನ ಮಲಗುವ ಕೋಣೆಯನ್ನು ಚಿತ್ರಿಸಿದಾಗ ಗೋಡೆಗಳಿಗೆ ಬಳಿದದ್ದು ತಿಳಿ ನೇರಳೆ. ಇಂದು ಕಾಣುವುದು ನೀಲಿ. ನೀಲಿಯೊಡನೆ ಬೆರೆಸಿದ್ದ ಕೆಂಪು ಬೆಳಕಿಗೆ ಮಾಸಿಹೋಗಿದೆ. ಅದೇ ವರ್ಷ ರಸೆಲ್ ಮತ್ತು ಆಬ್ನಿ ಎಂಬ ವಿಜ್ಞಾನಿಗಳು ಜಲವರ್ಣಗಳ ಮೇಲೆ ಬೆಳಕಿನ ಪರಿಣಾಮವನ್ನು ಕುರಿತ ವರದಿಯನ್ನು ಬ್ರಿಟಿಷ್ ಸರ್ಕಾರಕ್ಕೆ ಸಲ್ಲಿಸಿದರು.

ಬಣ್ಣದ ಅಣು ಹೀರಿಕೊಂಡ ಬೆಳಕಿನ ಶಕ್ತಿಯಲ್ಲಿ ಒಂದಂಶ ಅದರ ಬಂಧಗಳನ್ನು ಮುರಿಯಲು ಬಳಕೆಯಾಗುತ್ತದೆ, ಮತ್ತು ಹಾಗೆ ಮುರಿದದ್ದು ಎಷ್ಟು ಕಾಲ ಕತ್ತಲಲ್ಲಿಟ್ಟರೂ ಮತ್ತೆ ಕೂಡುವುದಿಲ್ಲ. ಹಾನಿಯನ್ನು ನಿರ್ಧರಿಸುವುದು ಬೆಳಕಿನ ತೀವ್ರತೆಯೊಂದೇ ಅಲ್ಲ. ತೀವ್ರತೆಯನ್ನು ಕಾಲದಿಂದ ಗುಣಿಸಿದಾಗ ಬರುವ ಮೊತ್ತ. ಮೇಲ್ಮೈಗೆ ಬೀಳುವ ಬೆಳಕಿನ ಅಳತೆ ಲಕ್ಸ್; 50 ಲಕ್ಸ್ ಬೆಳಕಿನಲ್ಲಿ ಹತ್ತು ಗಂಟೆ ಇದ್ದರೂ, 500 ಲಕ್ಸ್‌ನಲ್ಲಿ ಒಂದು ಗಂಟೆ ಇದ್ದರೂ ಲೆಕ್ಕ ಒಂದೇ: 500 ಲಕ್ಸ್-ಗಂಟೆ.

ವಸ್ತುಸಂಗ್ರಹಾಲಯಗಳಲ್ಲಿನ ಬೇಗ ಮಾಸುವ ವಸ್ತುಗಳಿಗೆ ಅಂತರರಾಷ್ಟ್ರೀಯ ಬೆಳಕು ಆಯೋಗ 2004ರಲ್ಲಿ ಸೂಚಿಸಿದ ವಾರ್ಷಿಕ ಮಿತಿ 15,000 ಲಕ್ಸ್-ಗಂಟೆ. ಸುರಕ್ಷಿತವೆಂದು ರೂಢಿಯಲ್ಲಿ ನಂಬಿರುವ 50 ಲಕ್ಸ್‌ನಲ್ಲೇ ದಿನಕ್ಕೆ 8 ಗಂಟೆಯಂತೆ 300 ದಿನ ಪ್ರದರ್ಶಿಸಿದರೆ ಮೊತ್ತ 1,20,000, ಅಂದರೆ ಮಿತಿಯ ಎಂಟು ಪಟ್ಟು! ಸುಮಾರು ಒಂದು ಲಕ್ಷ ಲಕ್ಸ್‌ನ ನೇರ ಬಿಸಿಲಿಗಂತೂ ಇಡೀ ವರ್ಷದ ಪಾಲನ್ನು ಮುಗಿಸಲು ಒಂಬತ್ತು ನಿಮಿಷ ಸಾಕು.

ಆದ್ದರಿಂದಲೇ ಪ್ರದರ್ಶನ ಕೋಣೆಯ ಗೋಡೆಯ ಮೇಲಿನ ಡೇಟಾ ಲಾಗರ್ (ಬೆಳಕನ್ನು ತಾನಾಗಿಯೇ ಅಳೆದು ದಾಖಲಿಸುವ ಉಪಕರಣ) ತಿಂಗಳುಗಟ್ಟಲೆ ದಾಖಲಿಸಿದ ಅಂಕಿಗಳು ಅಗತ್ಯವಾದರೂ ಅಷ್ಟೇ ಸಾಕಾಗುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಅವು ಕೋಣೆಯ ಚರಿತ್ರೆಯನ್ನು ಹೇಳುತ್ತವೆ. ವಸ್ತುವಾದರೋ ಕೋಣೆಯಿಂದ ಕೋಣೆಗೆ ಹೋಗುತ್ತದೆ, ಬೇರೆ ಊರಿನ ಪ್ರದರ್ಶನಕ್ಕೆ ಎರವಲಾಗಿ ತೆರಳುತ್ತದೆ, ಅಧ್ಯಯನಕ್ಕೆಂದು ಮೇಜಿನ ದೀಪದಡಿ ಗಂಟೆಗಟ್ಟಲೆ ತೆರೆದಿರುತ್ತದೆ. ಬೆಳಕಿನ ಮೊತ್ತವು ವಸ್ತುವಿನ ನೋಂದಣಿ ಸಂಖ್ಯೆಗೆ ಅಂಟಿಕೊಂಡು, ಅದು ಹೋದಲ್ಲೆಲ್ಲ ಜೊತೆಗೆ ಸಾಗಬೇಕು. ಲಕ್ಸ್ ಮಾಪಕವು ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ಅಳೆಯುವುದರಿಂದ ಅತಿನೇರಳೆ ಕಿರಣಗಳನ್ನು ಪ್ರತ್ಯೇಕವಾಗಿ ಅಳೆಯಬೇಕಾಗುತ್ತದೆ.

ವಿದ್ಯುತ್ತೇ ಬೇಡದ ಮಾಪಕವೊಂದೂ ಇದೆ: ನೀಲಿ ಬಣ್ಣ ಹಾಕಿದ ಎಂಟು ಉಣ್ಣೆಯ ಪಟ್ಟಿಗಳ ಕಾರ್ಡು. ಮೊದಲನೆಯದು ಎಲ್ಲಕ್ಕಿಂತ ಬೇಗ ಮಾಸಿದರೆ, ಮುಂದಿನ ಪ್ರತಿಯೊಂದೂ ತನ್ನ ಹಿಂದಿನದಕ್ಕಿಂತ ಸುಮಾರು ಎರಡು ಪಟ್ಟು ಹೆಚ್ಚು ಬೆಳಕನ್ನು ತಾಳಿಕೊಳ್ಳುತ್ತದೆ. ಅರ್ಧ ಕಾರ್ಡನ್ನು ಮುಚ್ಚಿ ವಸ್ತುವಿನ ಪಕ್ಕದಲ್ಲಿಟ್ಟು, ಕೆಲವು ತಿಂಗಳ ನಂತರ ಮುಚ್ಚಿದ ಭಾಗವನ್ನೂ ತೆರೆದ ಭಾಗವನ್ನೂ ಹೋಲಿಸಿ ನೋಡಬೇಕು. ಮೊದಲ ಪಟ್ಟಿಯಲ್ಲಿ ವ್ಯತ್ಯಾಸ ಕಂಡರೆ, ಅಷ್ಟೇ ಸೂಕ್ಷ್ಮವಾದ ಬಣ್ಣವುಳ್ಳ ವಸ್ತ್ರವನ್ನು ಅಂದೇ ಕತ್ತಲ ಪೆಟ್ಟಿಗೆಗೆ ಮರಳಿಸುವುದು ಒಳ್ಳೆಯದು.